ಇಟಲಿಯೊಳಗೆ ಜರ್ಮನ್ ಮಾತಾಡುವ ಜಿಲ್ಲೆ: ದಕ್ಷಿಣ ಟಿರೋಲ್‌ನಲ್ಲಿ ಸ್ವಂತ ಆಡಳಿತ ಹೇಗೆ ನಡೆಯುತ್ತದೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮೊನ್ನೆ ಮಗಳನ್ನು ಶಿಶುವಿಹಾರಕ್ಕೆ ಸೇರಿಸುವ ಅರ್ಜಿ ತುಂಬುತ್ತಾ ಕೂತಿದ್ದೆ. ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ಆಯಿತು. ಆದರೆ ಅದಕ್ಕೂ ಮೊದಲೇ ತೀರ್ಮಾನ ಆಗಬೇಕಿದ್ದ ಪ್ರಶ್ನೆ ಹಾಗೇ ಉಳಿದಿತ್ತು. ಜರ್ಮನ್ ಶಾಲೆಯೋ, ಇಟಾಲಿಯನ್ ಶಾಲೆಯೋ? ಎರಡೂ ಸರ್ಕಾರಿ. ಎರಡೂ ನಮ್ಮ ಮನೆಗೆ ಹತ್ತಿರ. ಆದರೆ ಟೀಚರ್‌ಗಳು ಬೇರೆ, ಮಕ್ಕಳು ಬೇರೆ, ಮೇಲಿರುವ ಶಿಕ್ಷಣ ಇಲಾಖೆಯೂ ಬೇರೆ. ನಮ್ಮ ಮನೆಮಾತು ಕನ್ನಡ. ಅರ್ಧ ಗಂಟೆ ಸುಮ್ನೆ ನೋಡುತ್ತಾ ಕೂತುಬಿಟ್ಟೆ.

ನಾವಿರುವುದು ಇಟಲಿಯ ಬೊಲ್ಜಾನೊದಲ್ಲಿ. ಇದೇ ಊರಿಗೆ ಜರ್ಮನ್‌ನಲ್ಲಿ ಬೋಟ್ಸೆನ್ ಅಂತಾರೆ. ಈ ಜಿಲ್ಲೆಗೆ ಇಟಾಲಿಯನ್‌ನಲ್ಲಿ ಆಲ್ಟೊ ಆದಿಜೆ, ಜರ್ಮನ್‌ನಲ್ಲಿ ಸೂಡ್‌ಟಿರೋಲ್, ಅಂದರೆ ದಕ್ಷಿಣ ಟಿರೋಲ್. ಜನಸಂಖ್ಯೆ ಐದೂವರೆ ಲಕ್ಷದ ಒಳಗೇ. 2024ರಲ್ಲಿ ಪ್ರಕಟವಾದ ಭಾಷಾ ಎಣಿಕೆಯಲ್ಲಿ ಶೇ 68.61 ಜನ ಜರ್ಮನ್, ಶೇ 26.98 ಇಟಾಲಿಯನ್, ಶೇ 4.41 ಲಾದಿನ್ ಗುಂಪಿಗೆ ಸೇರಿದವರು ಅಂತ ಬರೆಸಿದ್ದಾರೆ. ಲಾದಿನ್ ಅನ್ನುವುದು ಬೆಟ್ಟದ ಕೆಲವು ಕಣಿವೆಗಳಲ್ಲಿ ಮಾತ್ರ ಉಳಿದಿರುವ ಪುಟ್ಟ ಭಾಷೆ.

ಇಟಲಿಯಲ್ಲಿ 20 ಪ್ರದೇಶಗಳಿವೆ. ಅದರಲ್ಲಿ 5ಕ್ಕೆ ವಿಶೇಷ ಸ್ಥಾನಮಾನ: ಸಿಸಿಲಿ, ಸಾರ್ಡೀನಿಯಾ, ವಾಲೆ ದಾಓಸ್ತಾ, ಫ್ರಿಯುಲಿ, ಮತ್ತು ನಮ್ಮ ಟ್ರೆಂಟಿನೊ-ಆಲ್ಟೊ ಆದಿಜೆ. ಆದರೆ ನಮ್ಮ ಕಡೆ ಪ್ರದೇಶ ಅನ್ನುವುದು ಹೆಸರಿಗೆ ಮಾತ್ರ. ನಿಜವಾದ ಅಧಿಕಾರ ಇರುವುದು ಅದರೊಳಗಿನ ಎರಡು ಜಿಲ್ಲೆಗಳಿಗೆ, ಟ್ರೆಂಟೊ ಮತ್ತು ಬೊಲ್ಜಾನೊ. ಬೊಲ್ಜಾನೊ ಜಿಲ್ಲೆಗೆ ತನ್ನದೇ ಶಾಸನಸಭೆ ಇದೆ, 35 ಸದಸ್ಯರು. ತನ್ನದೇ ಸರ್ಕಾರ, ತನ್ನದೇ ಮುಖ್ಯಸ್ಥ. ಇದು ಹೇಗೆ ನಡೆಯುತ್ತದೆ ಅನ್ನುವುದನ್ನು ಒಂಬತ್ತು ವರ್ಷ ಇಲ್ಲೇ ಇದ್ದು ನೋಡಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ, ಕೇಳಿ.

ನಿವೃತ್ತ ಮೇಷ್ಟ್ರು

ಒಳ್ಳೆಯ ವಿಷಯ ತೆಗೆದೆಯಮ್ಮ. ನನ್ನ ಮೊದಲ ಪ್ರಶ್ನೆ ದುಡ್ಡಿನದು. ಕಾನೂನಿನಲ್ಲಿ ಅಧಿಕಾರ ಅಂತ ಎಷ್ಟು ಬೇಕಾದರೂ ಬರೆಯಬಹುದು. ಖಜಾನೆ ಯಾರ ಕೈಲಿದೆ? ನಮ್ಮಲ್ಲಿ ಕೇಂದ್ರ ಹಂಚುವ ತೆರಿಗೆಯಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ 41 ಪಾಲು ಅಂತ 15ನೇ ಹಣಕಾಸು ಆಯೋಗ ಹೇಳಿತು. ಆ 41ಕ್ಕೇ ಎಷ್ಟು ಜಗಳ ನೋಡಿದ್ದೇವೆ. ಅಲ್ಲಿ ಹೇಗೆ?

ತುಂಗಾತೀರ

ಮೇಷ್ಟ್ರೇ, ನೀವು ಸರಿಯಾಗಿ ಬುಡಕ್ಕೇ ಕೈ ಹಾಕಿದಿರಿ. ಇಲ್ಲಿ ಜನ ಕಟ್ಟುವ ಮುಖ್ಯ ತೆರಿಗೆಗಳಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಜಿಲ್ಲೆಗೇ ವಾಪಸ್ ಬರುತ್ತದೆ. ಜಿಲ್ಲೆಯ ಬಜೆಟ್ ವರ್ಷಕ್ಕೆ ಆರು ಬಿಲಿಯನ್ ಯೂರೋಗೂ ಜಾಸ್ತಿ.

ಆದರೆ ಬರೀ ಅಷ್ಟು ಕೇಳಿದರೆ ತಪ್ಪು ಚಿತ್ರ ಬರುತ್ತದೆ. ಬೇರೆ ಕಡೆ ರೋಮ್ ಕೊಡುವ ಎಷ್ಟೋ ಖರ್ಚನ್ನು ಇಲ್ಲಿ ಜಿಲ್ಲೆಯೇ ಹೊರಬೇಕು. ಟೀಚರ್‌ಗಳ ಸಂಬಳ, ಆಸ್ಪತ್ರೆ, ದೊಡ್ಡ ರಸ್ತೆಗಳ ರಿಪೇರಿ, ಎಲ್ಲ. ಜೊತೆಗೆ ಇಟಲಿಯ ಸಾಲದ ಹೊರೆಗೂ ಜಿಲ್ಲೆ ಪ್ರತಿ ವರ್ಷ ದೊಡ್ಡ ಮೊತ್ತ ಕೊಡಬೇಕು. ಪಾಲು ದೊಡ್ಡದು, ಹೊರೆಯೂ ದೊಡ್ಡದು.

ಸೇನೆ, ವಿದೇಶಾಂಗ, ಪೊಲೀಸು, ನ್ಯಾಯಾಲಯ, ಪೌರತ್ವ ರೋಮಿನ ಕೈಲೇ ಇವೆ. ಕೃಷಿ, ಪ್ರವಾಸ, ಕಾಡು, ಬೇಟೆ, ಊರು ಯೋಜನೆ, ಬಡವರ ಮನೆ, ಶಿಶುವಿಹಾರ, ಕಸುಬಿನ ತರಬೇತಿ ಜಿಲ್ಲೆಯದು. ಶಾಲೆ ಮತ್ತು ಆರೋಗ್ಯದಲ್ಲಿ ರೋಮ್ ಹಾಕಿದ ಗೆರೆಯೊಳಗೆ ಜಿಲ್ಲೆ ಕಾನೂನು ಮಾಡುತ್ತದೆ. ಪೊಲೀಸು ರೋಮಿನದಾದರೂ ಅವರು ನಿಮ್ಮ ಜೊತೆ ನಿಮ್ಮ ಭಾಷೆಯಲ್ಲೇ ಮಾತಾಡಬೇಕು. ಕೋರ್ಟಿನಲ್ಲಿ ಜರ್ಮನ್‌ನಲ್ಲಿ ವಿಚಾರಣೆ ಕೇಳುವ ಹಕ್ಕು 1993ರಿಂದ ಜಾರಿಯಲ್ಲಿದೆ. ತಪ್ಪು ಭಾಷೆಯಲ್ಲಿ ನಡೆಸಿದ ಪ್ರಕ್ರಿಯೆ ಬಿದ್ದುಹೋಗಬಹುದು. ಇದನ್ನು ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತು.

ರಾಯಚೂರು ಹುಡುಗ

ಅಕ್ಕ, ನೌಕರಿ ವಿಷಯ ಹೇಳಿ. ನಮ್ಮ ಭಾಗಕ್ಕೆ 371 (ಜೆ) ಬಂದಾಗ ನಾನು ಪಿಯುಸಿಯಲ್ಲಿದ್ದೆ. ಅದರಿಂದಲೇ ಇವತ್ತು ನನಗೆ ಕೆಲಸ ಇದೆ. ನಮ್ಮಲ್ಲಿ ಅದು ಹುಟ್ಟಿದ ಜಾಗ, ಇದ್ದ ಜಾಗದ ಮೇಲೆ. ಅಲ್ಲಿ ಭಾಷೆಯ ಮೇಲೆ ಹುದ್ದೆ ಹಂಚುತ್ತಾರೆ ಅಂತ ಎಲ್ಲೋ ಓದಿದ್ದೆ. ನಿಜವಾ?

ಓದು ಮುಗಿಸಿದವ

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಬೊಲ್ಜಾನೊ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದೆ. 1997ರಲ್ಲಿ ಶುರುವಾದದ್ದು, ಇಟಾಲಿಯನ್, ಜರ್ಮನ್, ಇಂಗ್ಲಿಷ್ ಮೂರರಲ್ಲೂ ಪಾಠ. ನನ್ನ ರೂಮ್‌ಮೇಟ್ ಇಲ್ಲಿನವನೇ. ಅವನು ಸರ್ಕಾರಿ ಕೆಲಸಕ್ಕೆ ತಯಾರಿ ಮಾಡುವಾಗ ಇದನ್ನೆಲ್ಲ ಹತ್ತಿರದಿಂದ ನೋಡಿದೆ.

ಹೌದು, ಸರ್ಕಾರಿ ಹುದ್ದೆಗಳನ್ನು ಮೂರೂ ಗುಂಪುಗಳ ಸಂಖ್ಯೆಗೆ ತಕ್ಕ ಹಾಗೆ ಹಂಚುತ್ತಾರೆ. ಇದಕ್ಕೆ ಜರ್ಮನ್‌ನಲ್ಲಿ ಪ್ರೊಪೋರ್ಟ್ಸ್ ಅಂತಾರೆ. ಹಿಂದೆ ರೈಲ್ವೆ, ಅಂಚೆ, ತೆರಿಗೆ ಕಚೇರಿಗಳಲ್ಲಿ ಹೆಚ್ಚುಕಡಿಮೆ ಇಟಾಲಿಯನ್ನರೇ ತುಂಬಿದ್ದರು. ಜರ್ಮನ್ ಮಾತಾಡುವ ರೈತ ತನ್ನ ಊರಿನ ಕಚೇರಿಯಲ್ಲೇ ಪರಕೀಯ. ಅದನ್ನು ಸರಿ ಮಾಡಲು 30 ವರ್ಷದ ಗಡುವು ಹಾಕಿದರು. ಇದ್ದವರನ್ನು ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಖಾಲಿಯಾದ ಹುದ್ದೆ ತುಂಬುವಾಗ ಲೆಕ್ಕ ಸರಿ ಮಾಡುತ್ತಾ ಬಂದರು.

ಅದಕ್ಕಾಗಿ ಪ್ರತಿಯೊಬ್ಬರೂ ತಾವು ಯಾವ ಗುಂಪಿನವರು ಅಂತ ಬರೆದು ಕೊಡಬೇಕು. ಆ ಕಾಗದವನ್ನು ಲಕೋಟೆಯಲ್ಲಿಟ್ಟು ಮುಚ್ಚಿ ಬೊಲ್ಜಾನೊದ ನ್ಯಾಯಾಲಯದಲ್ಲಿ ಇಡುತ್ತಾರೆ. ಕೆಲಸಕ್ಕೆ ಅರ್ಜಿ ಹಾಕುವಾಗ ಅದರ ಪ್ರಮಾಣಪತ್ರ ಬೇಕು. ಅವನು ಅದನ್ನು ತರಲು ಹೋದಾಗ ನಾನೂ ಜೊತೆಗೆ ಹೋಗಿದ್ದೆ. ಮುಚ್ಚಿದ ಲಕೋಟೆ, ಮೇಲೆ ಮುದ್ರೆ. ನಮ್ಮ ಮತಪತ್ರದಷ್ಟೇ ಜೋಪಾನ.

ಇನ್ನೊಂದು ಇದಕ್ಕಿಂತ ಕಷ್ಟ. ಎರಡೂ ಭಾಷೆಯ ಪರೀಕ್ಷೆ ಪಾಸಾಗಬೇಕು. ಹುದ್ದೆಗೆ ತಕ್ಕಂತೆ ನಾಲ್ಕು ಹಂತ. ಪಾಸಾದವರಿಗೆ ಸಂಬಳದ ಜೊತೆ ಎರಡು ಭಾಷೆ ಬಲ್ಲದ್ದಕ್ಕೆ ಭತ್ಯೆಯೂ ಸಿಗುತ್ತದೆ. ನನ್ನ ಗೆಳೆಯ ಎರಡು ಸಲ ಬಿದ್ದು ಮೂರನೇ ಸಲ ಗೆದ್ದ. ಅವತ್ತು ಅವನ ಅಮ್ಮ ಸೇಬಿನ ಸ್ಟ್ರೂಡೆಲ್ ಮಾಡಿ ಕಳಿಸಿದ್ದರು.

ಟುರಿನ್ ವಾಸಿ

ಎಲ್ಲರೂ ಹೊಗಳುತ್ತಿದ್ದೀರಿ. ನಾನು ಹದಿನಾಲ್ಕು ವರ್ಷದಿಂದ ಇಟಲಿಯಲ್ಲಿದ್ದೇನೆ, ನನಗೆ ಇದು ಅಷ್ಟು ಸಮಾಧಾನ ಕೊಡುವ ವ್ಯವಸ್ಥೆ ಅಲ್ಲ. ಅಪ್ಪ ಇಟಾಲಿಯನ್, ಅಮ್ಮ ಜರ್ಮನ್ ಆಗಿರುವ ಮಗು ಏನು ಬರೆಯಬೇಕು? ಕಾನೂನಿನಲ್ಲಿ ಮೂರೇ ಡಬ್ಬಿ. ನಾಲ್ಕನೆಯದು ಇಲ್ಲ. "ಇತರ" ಅಂತ ಬರೆದರೂ ಹುದ್ದೆ, ಚುನಾವಣೆಗಾಗಿ ಮೂರರಲ್ಲಿ ಒಂದಕ್ಕೆ ಸೇರಿಕೊಳ್ಳಲೇಬೇಕು.

ಅಲೆಕ್ಸಾಂಡರ್ ಲಾಂಗರ್ ಅನ್ನುವವರ ಬಗ್ಗೆ ಕೇಳಿದ್ದೀರಾ? ಅದೇ ಜಿಲ್ಲೆಯ ಸ್ಟೆರ್ಟ್ಸಿಂಗ್‌ನಲ್ಲಿ ಹುಟ್ಟಿದವರು. ಮೇಷ್ಟ್ರು, ಪತ್ರಕರ್ತ, ಆಮೇಲೆ ಯೂರೋಪಿಯನ್ ಸಂಸತ್ತಿನಲ್ಲಿ ಹಸಿರು ಪಕ್ಷದ ಸದಸ್ಯ. 1981ರ ಎಣಿಕೆಯಲ್ಲಿ ತಾನು ಯಾವ ಗುಂಪು ಅಂತ ಬರೆಯಲು ಅವರು ಒಪ್ಪಲಿಲ್ಲ. ಜನರನ್ನು ಹೀಗೆ ವಿಂಗಡಿಸುವುದು ತಪ್ಪು ಅನ್ನುವುದು ಅವರ ವಾದ. 1995ರಲ್ಲಿ ಬೊಲ್ಜಾನೊ ಮೇಯರ್ ಚುನಾವಣೆಗೆ ನಿಲ್ಲಲು ಹೋದಾಗ ಇದೇ ಕಾರಣಕ್ಕೆ ಅವರನ್ನು ತಡೆದರು. ಎರಡೂ ಭಾಷೆಯವರನ್ನು ಒಟ್ಟಿಗೆ ಕೂರಿಸಲು ಜೀವಮಾನ ಕೊಟ್ಟ ಮನುಷ್ಯನಿಗೇ ಬಾಗಿಲು ಮುಚ್ಚಿತು.

ಶಾಲೆಯೂ ಹಾಗೇ. ಶಿಶುವಿಹಾರದಿಂದಲೇ ಮಕ್ಕಳನ್ನು ಬೇರೆ ಮಾಡಿದರೆ ದೊಡ್ಡವರಾದ ಮೇಲೆ ಒಟ್ಟಿಗೆ ಹೇಗೆ ಬದುಕುತ್ತಾರೆ?

ತುಂಗಾತೀರ

ಅಣ್ಣ, ನಿಮ್ಮ ಮಾತು ನನಗೆ ನಾಟಿತು. ಲಾಂಗರ್ ವಿಷಯದಲ್ಲಿ ನನ್ನ ಮನಸ್ಸೂ ನಿಮ್ಮ ಕಡೆಗೇ. ಆದರೆ ಶಾಲೆ ಯಾಕೆ ಬೇರೆ ಆಯಿತು ಅನ್ನುವುದಕ್ಕೆ ಒಂದು ಹಿನ್ನೆಲೆ ಇದೆ. ನನಗೆ ಅದನ್ನು ತಿಳಿಸಿದವರು ನಮ್ಮ ಹಳೆಯ ಮನೆಯ ಓನರ್, ಎಂಬತ್ತು ದಾಟಿದ ಅಜ್ಜಿ.

ಮೊದಲ ಮಹಾಯುದ್ಧದವರೆಗೂ ಈ ಜಾಗ ಆಸ್ಟ್ರಿಯಾದ ಕೈಲಿತ್ತು. 1919ರ ಒಪ್ಪಂದದಲ್ಲಿ ಇಟಲಿಗೆ ಬಂತು. ಆಮೇಲೆ ಮುಸೊಲಿನಿ. 1923ರಿಂದ ಶಾಲೆಗಳಲ್ಲಿ ಜರ್ಮನ್ ಕಲಿಸುವುದನ್ನು ತರಗತಿ ತರಗತಿಯಾಗಿ ನಿಲ್ಲಿಸಿದರು. ಊರುಗಳ ಹೆಸರನ್ನೆಲ್ಲ ಇಟಾಲಿಯನ್ ಮಾಡಿದರು. ಎತ್ತೋರೆ ತೊಲೊಮೇಯಿ ಅನ್ನುವವನು ಸಾವಿರಾರು ಹೆಸರುಗಳ ಪಟ್ಟಿಯನ್ನೇ ಮಾಡಿಟ್ಟಿದ್ದ. ಗೋರಿಕಲ್ಲಿನ ಮೇಲೂ ಜರ್ಮನ್ ಕೆತ್ತಬಾರದು ಅಂತಾಯಿತು.

ಆಗ ಹಳ್ಳಿಗಳಲ್ಲಿ ಕದ್ದುಮುಚ್ಚಿ ಶಾಲೆ ನಡೆಸಿದರು. ಅಟ್ಟದ ಮೇಲೆ, ಕೊಟ್ಟಿಗೆಯಲ್ಲಿ, ನೆಲಮಾಳಿಗೆಯಲ್ಲಿ. ಅದಕ್ಕೆ ಈಗಲೂ ಕಟಕೊಂಬ್ ಶಾಲೆ ಅಂತಾರೆ. ಪಾಠ ಹೇಳಿದ ಎಷ್ಟೋ ಹೆಣ್ಣುಮಕ್ಕಳು ಜೈಲಿಗೆ ಹೋದರು. ಅಜ್ಜಿಯ ಅಮ್ಮ ಅಂಥ ಶಾಲೆಯಲ್ಲಿ ಕಲಿತವರು. ಪುಸ್ತಕವನ್ನು ಹಾಲಿನ ಕ್ಯಾನಿನ ಕೆಳಗೆ ಬಟ್ಟೆ ಸುತ್ತಿ ಇಟ್ಟು ಒಯ್ಯುತ್ತಿದ್ದರಂತೆ. ಇದನ್ನು ಹೇಳುವಾಗ ಅಜ್ಜಿ ಕೈಯಲ್ಲಿ ಆ ಕ್ಯಾನಿನ ಅಳತೆ ತೋರಿಸುತ್ತಿದ್ದರು.

ಆಮೇಲೆ 1939. ಹಿಟ್ಲರ್, ಮುಸೊಲಿನಿ ಸೇರಿ ಒಂದು ಆಯ್ಕೆ ಮುಂದಿಟ್ಟರು. ಜರ್ಮನಿಗೆ ಹೋಗಿ, ಇಲ್ಲ ಇಲ್ಲೇ ಇದ್ದು ಭಾಷೆ ಬಿಡಿ. ಡಿಸೆಂಬರ್ ಕೊನೆಗೆ ಗಡುವು. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಹೋಗುತ್ತೇವೆ ಅಂತ ಬರೆದರು. ಯುದ್ಧ ಬಂದದ್ದರಿಂದ ನಿಜವಾಗಿ ಹೋದವರು ಸುಮಾರು 75,000. ಹೋಗುವವರು, ಉಳಿಯುವವರು ಅಂತ ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟರು. ಅಜ್ಜಿಯ ಮನೆಯಲ್ಲೂ ಅಷ್ಟೇ. ಹಾಗಾಗಿ "ನಮ್ಮ ಶಾಲೆ, ನಮ್ಮ ಮೇಷ್ಟ್ರು" ಅನ್ನುವುದು ಆ ಹಿರಿಯರಿಗೆ ಪ್ರಾಣ. ಜಿಲ್ಲೆಗೆ ಸ್ವಂತ ಆಡಳಿತ ಕೊಟ್ಟ ಸ್ವಾಯತ್ತ ಕಾನೂನಿನ 19ನೇ ವಿಧಿ ಹುಟ್ಟಿದ್ದು ಈ ನೋವಿನಿಂದ. ಮಕ್ಕಳಿಗೆ ತಾಯ್ನುಡಿಯಲ್ಲಿ ಪಾಠ. ಕಲಿಸುವವರಿಗೂ ಅದು ತಾಯ್ನುಡಿಯೇ ಆಗಿರಬೇಕು. ಎರಡನೇ ಭಾಷೆಯ ಪಾಠವೂ ಆ ಭಾಷೆ ತಾಯ್ನುಡಿಯಾದವರಿಂದಲೇ.

ಆದರೂ ನೀವು ಹೇಳಿದ ತೊಂದರೆ ಇದೆ, ಅದು ದಿನಾ ಕಾಣುತ್ತದೆ. ನಮ್ಮ ಕೆಳಗಿನ ಮನೆಯ ಇಟಾಲಿಯನ್ ಹುಡುಗಿ ಹನ್ನೆರಡು ವರ್ಷ ಜರ್ಮನ್ ಕಲಿತಿದ್ದಾಳೆ. ಬಸ್ಸಿನಲ್ಲಿ ಹಳ್ಳಿಯವರು ಮಾತಾಡಿದರೆ ಅವಳಿಗೆ ಅರ್ಥವಾಗುವುದಿಲ್ಲ. ಶಾಲೆಯಲ್ಲಿ ಕಲಿಸುವುದು ಪುಸ್ತಕದ ಜರ್ಮನ್, ಹೊರಗೆ ಜನ ಆಡುವುದು ಟಿರೋಲಿನ ಆಡುಮಾತು. ಪುಸ್ತಕ ನೋಡಿ ಕನ್ನಡ ಕಲಿತವರನ್ನು ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ನಿಲ್ಲಿಸಿದ ಹಾಗೆ. ಒಟ್ಟಿಗೆ ಆಡಿದ್ದರೆ ಅದು ತಾನಾಗಿ ಬರುತ್ತಿತ್ತು ಅಲ್ವಾ?

ಲಾದಿನ್ ಕಣಿವೆಗಳಲ್ಲಿ ಮಾತ್ರ ಬೇರೆ ದಾರಿ. ಅಲ್ಲಿ ಎಲ್ಲ ಮಕ್ಕಳೂ ಒಂದೇ ಶಾಲೆ. ಪಾಠ ಅರ್ಧ ಜರ್ಮನ್‌ನಲ್ಲಿ, ಅರ್ಧ ಇಟಾಲಿಯನ್‌ನಲ್ಲಿ, ಜೊತೆಗೆ ವಾರಕ್ಕೆ ಕೆಲವು ತಾಸು ಲಾದಿನ್. ಪುಟ್ಟ ಮಕ್ಕಳಿಗೆ ಒಂದೊಂದು ಭಾಷೆಗೆ ಒಂದೊಂದು ಬಣ್ಣ. ಎಲ್ಲಕ್ಕಿಂತ ಚಿಕ್ಕ ಗುಂಪು ಮೂರು ಭಾಷೆಯನ್ನೂ ಸಲೀಸಾಗಿ ಆಡುತ್ತದೆ. ಉಳಿದವರಿಗೂ ಈ ದಾರಿ ತೆರೆದಿಡಬೇಕು ಅನ್ನುವುದು ನನ್ನ ಆಸೆ.

ಅಡಿಕೆ ತೋಟದಿಂದ

ತಂಗೀ, ಕೃಷಿ ಜಿಲ್ಲೆಯ ಕೈಲಿದೆ ಅಂದೆಯಲ್ಲ, ರೈತರಿಗೆ ಅದರಿಂದ ಏನು ಸಿಕ್ಕಿದೆ? ನಮ್ಮ ಕಡೆ ಎಂಟು ಎಕರೆ ತೋಟ ನಾಲ್ಕು ಪಾಲಾಗಿ, ಈಗ ಒಬ್ಬೊಬ್ಬರದ್ದೂ ಗೊಬ್ಬರದ ಖರ್ಚಿಗೂ ಸಾಲುವುದಿಲ್ಲ.

ತುಂಗಾತೀರ

ಅಣ್ಣ, ಇದು ನಿಮಗೆ ಇಷ್ಟವಾಗುವ ವಿಷಯ. ಇಲ್ಲಿ ಪಾಲಾಗದ ಹಿಡುವಳಿ ಅಂತ ಇದೆ. ಜರ್ಮನ್‌ನಲ್ಲಿ ಗೆಶ್ಲೊಸ್ಸೆನರ್ ಹೋಫ್, ಇಟಾಲಿಯನ್‌ನಲ್ಲಿ ಮಾಸೊ ಕ್ಯುಜೊ. ಮನೆ, ಕೊಟ್ಟಿಗೆ, ಹೊಲ, ಕಾಡು ಎಲ್ಲ ಸೇರಿ ಒಂದೇ ಘಟಕ. ಅದನ್ನು ಒಡೆಯುವ ಹಾಗಿಲ್ಲ. ಮಕ್ಕಳಲ್ಲಿ ಒಬ್ಬರಿಗೆ ಪೂರ್ತಿ ಹೋಗುತ್ತದೆ. ಉಳಿದವರಿಗೆ ಅವರು ದುಡ್ಡು ಕೊಡಬೇಕು. ಆ ದುಡ್ಡನ್ನು ಮಾರ್ಕೆಟ್ ರೇಟಿನ ಮೇಲೆ ಹಾಕುವುದಿಲ್ಲ, ಜಮೀನು ಎಷ್ಟು ದುಡಿಯುತ್ತದೆ ಅನ್ನುವುದರ ಮೇಲೆ ಹಾಕುತ್ತಾರೆ. ಇಲ್ಲದಿದ್ದರೆ ಪಾಲು ತೀರಿಸಲು ಜಮೀನನ್ನೇ ಮಾರಬೇಕಾಗುತ್ತಿತ್ತು.

ಮುಸೊಲಿನಿ ಕಾಲದಲ್ಲಿ, 1929ರಲ್ಲಿ, ಈ ಪದ್ಧತಿಯನ್ನು ತೆಗೆದುಹಾಕಿದರು. ಜಿಲ್ಲೆಗೆ ಅಧಿಕಾರ ಬಂದ ಮೇಲೆ 1954ರಲ್ಲಿ ತಾನೇ ಕಾನೂನು ಮಾಡಿ ವಾಪಸ್ ತಂದಿತು. ಈಗಿರುವುದು 2001ರ ಕಾನೂನು. ಇಟಲಿಯ ಬೇರೆ ಕಡೆ ಇದು ಇಲ್ಲ. 1,500 ಮೀಟರ್ ಎತ್ತರದ ಇಳಿಜಾರಿನಲ್ಲಿ ಇವತ್ತೂ ಹಸು ಕಟ್ಟಿಕೊಂಡು ಜನ ಇದ್ದಾರೆ ಅಂದರೆ ಇದೂ ಒಂದು ಕಾರಣ. ಪಾಲು ಸಿಗದ ತಂಗಿಯಂದಿರಿಗೆ ಬೇಜಾರಿರುತ್ತದೆ, ಅದೂ ನಿಜ. ಹಿಂದೆ ಗಂಡುಮಕ್ಕಳಿಗೇ ಮೊದಲ ಹಕ್ಕಿತ್ತು. ಈಗ ಆ ಭೇದ ಕಾನೂನಿನಲ್ಲಿ ಇಲ್ಲ.

ನಿವೃತ್ತ ಮೇಷ್ಟ್ರು

ಒಂದು ಕೊಂಡಿ ತಪ್ಪಿದೆ. ಮುಸೊಲಿನಿ ಹೋದ. ಆಮೇಲೆ ಇಷ್ಟೆಲ್ಲ ಅಧಿಕಾರವನ್ನು ರೋಮ್ ತಾನಾಗಿ ಕೊಟ್ಟಿತಾ? ಯಾರೂ ಹಾಗೆ ಕೊಟ್ಟದ್ದನ್ನು ನಾನು ಚರಿತ್ರೆಯಲ್ಲಿ ಓದಿಲ್ಲ.

ಓದು ಮುಗಿಸಿದವ

ಇಲ್ಲ ಸರ್, ಕೊಡಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

1946ರ ಸೆಪ್ಟೆಂಬರ್ 5ರಂದು ಪ್ಯಾರಿಸ್‌ನಲ್ಲಿ ಇಟಲಿಯ ದೆ ಗಾಸ್ಪೆರಿ, ಆಸ್ಟ್ರಿಯಾದ ಗ್ರೂಬರ್ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಜರ್ಮನ್ ಮಾತಾಡುವವರಿಗೆ ಸ್ವಾಯತ್ತತೆ ಕೊಡುತ್ತೇವೆ ಅಂತ. 1948ರಲ್ಲಿ ಕಾನೂನು ಬಂತು. ಆದರೆ ಬೊಲ್ಜಾನೊವನ್ನು ಇಟಾಲಿಯನ್ ಮಾತಾಡುವ ಟ್ರೆಂಟೊ ಜೊತೆ ಸೇರಿಸಿ ಒಂದೇ ಪ್ರದೇಶ ಮಾಡಿದರು. ಅಲ್ಲಿಗೆ ಜರ್ಮನ್ ಭಾಷೆಯವರು ಮತ್ತೆ ಅಲ್ಪಸಂಖ್ಯಾತರು. ಹೆಚ್ಚಿನ ಅಧಿಕಾರ ಪ್ರದೇಶಕ್ಕೆ ಹೋಯಿತು, ಜಿಲ್ಲೆಗೆ ಬಂದದ್ದು ಸ್ವಲ್ಪವೇ.

1957ರ ನವೆಂಬರ್‌ನಲ್ಲಿ ಸಿಗ್ಮುಂಡ್ಸ್‌ಕ್ರೋನ್ ಕೋಟೆಯಲ್ಲಿ ಸುಮಾರು 35,000 ಜನ ಸೇರಿದರು. "ಟ್ರೆಂಟೊದಿಂದ ಬಿಡುಗಡೆ" ಅನ್ನುವುದು ಅವರ ಘೋಷಣೆ. ಮಾತಾಡಿದವರು ಜರ್ಮನ್ ಭಾಷೆಯವರ ಪಕ್ಷದ ನಾಯಕ ಸಿಲ್ವಿಯಸ್ ಮಾಗ್ನಾಗೊ. ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡಿದ್ದವರು. ಸಿಟ್ಟಿಗೆದ್ದ ಜನರನ್ನು ಅವತ್ತು ಬೊಲ್ಜಾನೊ ಕಡೆ ನುಗ್ಗದ ಹಾಗೆ ತಡೆದು ಮನೆಗೆ ಕಳಿಸಿದರು. 1960ರಲ್ಲಿ ಆಸ್ಟ್ರಿಯಾ ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದಿತು. ಎರಡೂ ದೇಶ ಕೂತು ಮಾತಾಡಿ ಅಂತ ಅಲ್ಲಿ ನಿರ್ಣಯವಾಯಿತು.

ತಾಳ್ಮೆ ಕಳೆದುಕೊಂಡವರೂ ಇದ್ದರು. 1961ರ ಜೂನ್ 11ರ ರಾತ್ರಿ ಹತ್ತಾರು ವಿದ್ಯುತ್ ಕಂಬಗಳನ್ನು ಸ್ಫೋಟಿಸಿದರು. ಸಿಡಿಯದೆ ಉಳಿದಿದ್ದ ಒಂದು ಬಾಂಬಿಗೆ ರಸ್ತೆ ಕೆಲಸದವರೊಬ್ಬರು ಬಲಿಯಾದರು. ಹಿಡಿದವರಿಗೆ ಠಾಣೆಯಲ್ಲಿ ಚಿತ್ರಹಿಂಸೆ ಕೊಟ್ಟರು ಅನ್ನುವ ದೂರುಗಳು ಬಂದವು. ಮುಂದಿನ ವರ್ಷಗಳಲ್ಲಿ ಇನ್ನೂ ಸಾವುಗಳಾದವು.

ಕೊನೆಗೆ 1969ರಲ್ಲಿ 137 ಅಂಶಗಳ ಒಂದು ಕಟ್ಟು ತಯಾರಾಯಿತು. ಅದನ್ನು ಪ್ಯಾಕೇಜ್ ಅಂತಲೇ ಕರೆಯುತ್ತಾರೆ. ಮಾಗ್ನಾಗೊ ಪಕ್ಷದ ಸಭೆ ಮೆರಾನೊದಲ್ಲಿ ನಡುರಾತ್ರಿ ದಾಟುವವರೆಗೂ ಚರ್ಚೆ ಮಾಡಿ, ತೀರಾ ಕಡಿಮೆ ಅಂತರದಲ್ಲಿ ಒಪ್ಪಿತು. 1972ರಲ್ಲಿ ಎರಡನೇ ಸ್ವಾಯತ್ತ ಕಾನೂನು ಜಾರಿಗೆ ಬಂತು. 137ನ್ನೂ ಒಂದೊಂದಾಗಿ ಮುಗಿಸಲು 20 ವರ್ಷ ಹಿಡಿಯಿತು. 1992ರ ಜೂನ್‌ನಲ್ಲಿ ಆಸ್ಟ್ರಿಯಾ "ವ್ಯಾಜ್ಯ ಮುಗಿಯಿತು" ಅಂತ ಬರೆದು ಕೊಟ್ಟಿತು.

ಆ 20 ವರ್ಷ ಕೆಲಸ ಮಾಡಿದ್ದು ಯಾವುದು ಗೊತ್ತಾ ಸರ್? ಆರು ಜನರ ಒಂದು ಸಮಿತಿ. ಮೂವರು ರೋಮಿನ ಕಡೆಯವರು, ಮೂವರು ಜಿಲ್ಲೆಯವರು. ರೋಮಿನ ಮೂವರಲ್ಲಿ ಒಬ್ಬರು ಜರ್ಮನ್ ಭಾಷೆಯವರಾಗಿರಬೇಕು. ಜಿಲ್ಲೆಯ ಮೂವರಲ್ಲಿ ಒಬ್ಬರು ಇಟಾಲಿಯನ್ ಭಾಷೆಯವರಾಗಿರಬೇಕು. ಕಾನೂನಿನ ಒಂದೊಂದು ಸಾಲನ್ನೂ ಹೇಗೆ ಜಾರಿ ಮಾಡುವುದು ಅಂತ ಇವರು ಬರೆದದ್ದನ್ನು ರೋಮಿನ ಸಚಿವ ಸಂಪುಟ ಆದೇಶವಾಗಿ ಹೊರಡಿಸುತ್ತದೆ. ಸಂಸತ್ತಿನ ಮತಕ್ಕೆ ಹೋಗುವುದಿಲ್ಲ. ಸರ್ಕಾರ ಬದಲಾದ ತಕ್ಷಣ ಸಾದಾ ಕಾನೂನು ತಂದು ಇದನ್ನು ಅಳಿಸಲೂ ಆಗುವುದಿಲ್ಲ. ಸಮಿತಿ ಈಗಲೂ ಇದೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಕೀಲಿ ಇರುವುದು ಆ ಮೇಜಿನ ಮೇಲೆ.

ಟುರಿನ್ ವಾಸಿ

ಇದು ನನಗೆ ಇಷ್ಟು ವಿವರವಾಗಿ ಗೊತ್ತಿರಲಿಲ್ಲ, ಥ್ಯಾಂಕ್ಸ್. ಶಾಂತಿ ತಂದಿದೆ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಗಾಯ ಒಣಗಿದೆ ಅಂತ ಅನಿಸುವುದಿಲ್ಲ. ಬೊಲ್ಜಾನೊದ ವಿಜಯ ಸ್ಮಾರಕ ನೋಡಿದ್ದೇನೆ. ಮುಸೊಲಿನಿ ಕಾಲದ್ದು, 1928ರದ್ದು. ಉಳಿದವರಿಗೆ ಭಾಷೆ, ಕಾನೂನು, ಕಲೆ ಕಲಿಸಿದವರು ನಾವು ಅಂತ ಲ್ಯಾಟಿನ್‌ನಲ್ಲಿ ಕೆತ್ತಿದ್ದಾರೆ. 2001ರಲ್ಲಿ ಆ ಚೌಕಕ್ಕೆ ಶಾಂತಿ ಚೌಕ ಅಂತ ಹೆಸರಿಟ್ಟರು. ಮರುವರ್ಷ ಊರಿನ ಜನ ಮತ ಹಾಕಿ ಹಳೆಯ ಹೆಸರನ್ನೇ ವಾಪಸ್ ತಂದರು.

ತುಂಗಾತೀರ

ಹೌದು ಅಣ್ಣ. ಜಿಲ್ಲೆಯಲ್ಲಿ ಜರ್ಮನ್ ಭಾಷೆಯವರು ಹೆಚ್ಚು, ಆದರೆ ಬೊಲ್ಜಾನೊ ಊರಲ್ಲಿ ಮುಕ್ಕಾಲು ಪಾಲು ಇಟಾಲಿಯನ್. ನಮ್ಮನ್ನು ಇಲ್ಲಿ ಮರೆತರು ಅನ್ನುವ ಬೇಸರ ಅವರಿಗೂ ಇದೆ. ಅದನ್ನೂ ಕೇಳಿಸಿಕೊಳ್ಳಬೇಕು. ಸ್ಮಾರಕವನ್ನು ಕೆಡವಲಿಲ್ಲ. 2014ರಲ್ಲಿ ಅದರ ಕೆಳಗೇ ಒಂದು ಪ್ರದರ್ಶನ ತೆರೆದು, ಇದನ್ನು ಯಾರು, ಯಾಕೆ ಕಟ್ಟಿದರು ಅಂತ ಪೂರ್ತಿ ಬರೆದಿಟ್ಟರು. ಒಂದು ಕಂಬಕ್ಕೆ ಅಕ್ಷರ ಓಡುವ ದೀಪದ ಉಂಗುರ ತೊಡಿಸಿದ್ದಾರೆ. ಶಾಲೆ ಮಕ್ಕಳು ಸಾಲಾಗಿ ಬಂದು ನೋಡುತ್ತಾರೆ, ಎರಡೂ ಶಾಲೆಯವರು.

ಇನ್ನೊಂದು ಹೇಳುತ್ತೇನೆ. ಹೋದ ಚಳಿಗಾಲ ಓನರ್ ಅಜ್ಜಿ ಜಾರಿ ಬಿದ್ದರು. ಆಸ್ಪತ್ರೆಯ ಹೆಸರು ಬೇಡ. ಡಾಕ್ಟರು ದಕ್ಷಿಣದಿಂದ ಹೊಸದಾಗಿ ಬಂದವರು, ಜರ್ಮನ್ ಇನ್ನೂ ಕಲಿಯುತ್ತಿದ್ದರು. ಎರಡು ಭಾಷೆ ಬಲ್ಲ ಡಾಕ್ಟರು ಬೇಕಾದಷ್ಟು ಸಿಗುವುದಿಲ್ಲ, ಹಾಗಾಗಿ ಕೆಲಸಕ್ಕೆ ಸೇರಿ ಆಮೇಲೆ ಪರೀಕ್ಷೆ ಪಾಸು ಮಾಡಲು ಸಮಯ ಕೊಡುತ್ತಾರೆ. ಅಜ್ಜಿಗೆ ಇಟಾಲಿಯನ್ ಬರುತ್ತದೆ, ಆದರೆ ನೋವಿನಲ್ಲಿ ಒಂದು ಪದವೂ ಹೊರಡಲಿಲ್ಲ. ಟಿರೋಲಿನ ಮಾತೇ ಬಂತು. ಅವರು ಹೇಳಿದ್ದನ್ನು ನಾನು ಡಾಕ್ಟರಿಗೆ ಇಟಾಲಿಯನ್‌ನಲ್ಲಿ ಹೇಳಿದೆ, ಡಾಕ್ಟರು ಹೇಳಿದ್ದನ್ನು ಅಜ್ಜಿಗೆ ಜರ್ಮನ್‌ನಲ್ಲಿ. ಅವತ್ತು ನನಗೆ ಆ ಎರಡು ಭಾಷೆಯ ಪರೀಕ್ಷೆ ಯಾಕೆ ಬೇಕು ಅಂತ ಚೆನ್ನಾಗಿ ಗೊತ್ತಾಯಿತು. ನೋವು ಬಂದಾಗ ಮನುಷ್ಯ ತನ್ನ ಮಾತಲ್ಲೇ ಅಮ್ಮಾ ಅನ್ನುವುದು.

ರಾಯಚೂರು ಹುಡುಗ

ಅಕ್ಕ, ಕೊನೆಗೆ ಮಗಳನ್ನು ಯಾವ ಶಾಲೆಗೆ ಹಾಕಿದಿರಿ?

ತುಂಗಾತೀರ

ಜರ್ಮನ್ ಶಿಶುವಿಹಾರಕ್ಕೆ ಬರೆದೆವು. ನಮ್ಮ ಬೀದಿಯಲ್ಲಿ ಆಡುವ ಮಕ್ಕಳೆಲ್ಲ ಇಟಾಲಿಯನ್, ಆ ಭಾಷೆ ಅವಳಿಗೆ ಅಂಗಳದಲ್ಲೇ ಬರುತ್ತಿದೆ. ಇನ್ನೊಂದಕ್ಕೂ ಒಂದು ಜಾಗ ಬೇಕಲ್ಲ. ಸೆಪ್ಟೆಂಬರ್‌ನಲ್ಲಿ ಶುರು. ಅಜ್ಜಿ ಈಗಿಂದಲೇ ಅವಳಿಗೆ ಎಣಿಕೆ ಹೇಳಿಕೊಡುತ್ತಿದ್ದಾರೆ. ನಿನ್ನೆ ಮೆಟ್ಟಿಲು ಹತ್ತುವಾಗ ಆಯಿನ್ಸ್, ಟ್ಸ್ವಾಯ್, ಡ್ರಾಯ್ ಅಂತ ಶುರು ಮಾಡಿ, ನಾಲ್ಕು ಅಂತ ಮುಂದುವರಿಸಿದಳು.